ಬೀಳುವ ಮುಂಚಿನ ಆರು ಸೆಕೆಂಡು

ನೆಟ್ಟಗೆ ನಿಂತಿದ್ದೇವೆ ಎಂದು ನಾವು ಅಂದುಕೊಂಡಾಗಲೂ ನಮ್ಮ ಮೈ ತೂಗಾಡುತ್ತಲೇ ಇರುತ್ತದೆ. ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ. ಕಿವಿಯ ಒಳಭಾಗ, ಕಣ್ಣು, ಅಂಗಾಲು ಈ ಮೂರೂ ಕೂಡಿ ಆ ತೂಗಾಟವನ್ನು ಕ್ಷಣಕ್ಷಣಕ್ಕೂ ಸರಿಪಡಿಸುತ್ತಿರುತ್ತವೆ. ಧಾರವಾಡದ ಪ್ರಯೋಗಾಲಯವೊಂದರಲ್ಲಿ ಇಂದುಮತಿ ಹಂಚಿನಮನಿ ಎಂಟು ವರ್ಷ ಕೂತು ಅಳೆದದ್ದು ಈ ತೂಗಾಟವನ್ನು. ಮನುಷ್ಯ ಬೀಳುವ ಮೊದಲು ಸರಿಪಡಿಸುವ ಕೆಲಸ ತುಸು ತಡವಾಗತೊಡಗುತ್ತದೆ ಎಂಬುದನ್ನು ಅವಳು ಕಂಡುಕೊಂಡಳು. ತಾನು ಬೀಳುತ್ತಿದ್ದೇನೆ ಎಂದು ಅವನಿಗೆ ಅನಿಸುವುದಕ್ಕೆ ಸುಮಾರು ಆರು ಸೆಕೆಂಡು ಮೊದಲೇ ಅವನ ಮೈಗೆ ಅದು ಗೊತ್ತಾಗಿರುತ್ತದೆ.

ಆರು ಸೆಕೆಂಡು ಕಡಿಮೆಯೇನಲ್ಲ. ಅಷ್ಟರಲ್ಲಿ ಕೂತುಕೊಳ್ಳಬಹುದು, ಏನನ್ನಾದರೂ ಹಿಡಿದುಕೊಳ್ಳಬಹುದು. ಹೇಳುವವರು ಬೇಕು ಅಷ್ಟೇ.

ಹಾಗೆ ಹೇಳುವ ಯಂತ್ರಕ್ಕೆ ಅವಳು ಸಮತೋಲ ಎಂದು ಹೆಸರಿಟ್ಟಳು. ಕಿವಿಯ ಹಿಂದೆ ಅಂಟಿಸಿಕೊಳ್ಳುವ, ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಬಟನ್. ಬೂಟಿನೊಳಗೆ ಒಂದು ತೆಳ್ಳನೆಯ ಪದರ. ಸೊಂಟದ ಪಟ್ಟಿಯಲ್ಲಿ ಬೆಂಕಿಪೆಟ್ಟಿಗೆಯಂಥದೊಂದು ಡಬ್ಬಿ. ಪಟ್ಟಿಯಿಂದ ಹೊರಡುವ ಎರಡು ಹಗ್ಗಗಳ ತುದಿಯಲ್ಲಿ ಎರಡು ಉಕ್ಕಿನ ಕೊಕ್ಕೆ. ಯಂತ್ರ ಮೊದಲ ಹತ್ತು ದಿನ ತೊಟ್ಟವನ ತೂಗಾಟವನ್ನು ಕಲಿಯುತ್ತದೆ. ಆಮೇಲೆ ಎಲ್ಲ ಸರಿಯಿದ್ದರೆ ಹಸಿರು ದೀಪ, ಮೈ ತಡಮಾಡತೊಡಗಿದರೆ ಹಳದಿ. ಕೆಂಪು ಬಂತೆಂದರೆ ಪಟ್ಟಿ ಗಡಗಡ ನಡುಗಿ, ಕಂಬಿಗೆ ಸಿಕ್ಕಿಸಿದ ಕೊಕ್ಕೆಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಎಷ್ಟು ಒತ್ತಿದರೂ ತೆರೆಯುವುದಿಲ್ಲ.

ಗದಗ ಸೀಮೆಯ ಮುತ್ತಲಹಾಳದ ಗುಡ್ಡದ ಮೇಲೆ ಎಪ್ಪತ್ತೆರಡು ಗಾಳಿಯಂತ್ರಗಳಿದ್ದವು. ಹಳೆಯವಾಗಿದ್ದರಿಂದ ವರ್ಷವಿಡೀ ರಿಪೇರಿ. ನೂರಾಮೂವತ್ತು ಮೀಟರ್ ಕಂಬದ ತುದಿಯಲ್ಲಿ ಬಸ್ಸಿನಷ್ಟು ದೊಡ್ಡದೊಂದು ಪೆಟ್ಟಿಗೆ, ಅದರ ಮೂತಿಗೆ ಮೂರು ರೆಕ್ಕೆ. ಪೆಟ್ಟಿಗೆಯ ಮಾಡಿನ ಮೇಲೆ ಹತ್ತಿ, ಅಲ್ಲಿಂದ ಹಗ್ಗದಲ್ಲಿ ಇಳಿದು, ಧೂಳಿಗೆ ಸವೆದ ರೆಕ್ಕೆಯ ಅಂಚನ್ನು ಉಜ್ಜಿ ಲೇಪ ಹಚ್ಚುವ ಕೆಲಸಗಾರರು ಅರವತ್ತು ಮಂದಿ. ಸಮತೋಲ ಮೊದಲು ಬಂದದ್ದು ಅವರ ಸೊಂಟಕ್ಕೆ.

ಅವರು ಅದನ್ನು ಅತ್ತಿ ಎಂದು ಕರೆದರು. ಮನೆಯ ಅತ್ತೆಯ ಹಾಗೆ ಹೆಜ್ಜೆ ಹೆಜ್ಜೆಗೂ ತಪ್ಪು ಹುಡುಕುತ್ತದೆ ಅಂತ. "ಇವತ್ತ ನಮ್ಮತ್ತಿ ಎರಡ ಸಲ ಬೈದ್ಲು ನೋಡ" ಎಂದು ಚಹಾ ಕುಡಿಯುವಾಗ ನಗುತ್ತಿದ್ದರು. ನಕ್ಕರೂ ಎರಡು ವರ್ಷದಲ್ಲಿ ಒಬ್ಬರೂ ಬೀಳಲಿಲ್ಲ. ಅದಕ್ಕೆ ಮುಂಚಿನ ಎರಡು ವರ್ಷದಲ್ಲಿ ಮೂವರು ಸತ್ತಿದ್ದರು. ಊರಿನ ಹೆಂಗಸರಿಗೂ ಒಂದು ಹೊಸ ರೂಢಿ ಬಂತು. ಮೇಲಿರುವವರ ದೀಪದ ಬಣ್ಣ ಮನೆಯವರ ಫೋನಿನಲ್ಲಿ ಕಾಣುವ ಹಾಗೆ ಕಂಪನಿ ಮಾಡಿಕೊಟ್ಟಿತ್ತು. ರೊಟ್ಟಿ ಬಡಿಯುತ್ತಾ, ಬಟ್ಟೆ ಒಗೆಯುತ್ತಾ ಅವರು ಆಗಾಗ ಆ ಹಸಿರು ಚುಕ್ಕೆಯತ್ತ ಕಣ್ಣು ಹಾಯಿಸಿ ಮತ್ತೆ ಕೆಲಸಕ್ಕೆ ಕೈಹಚ್ಚುತ್ತಿದ್ದರು.

ಆದರೆ ಕಂಪನಿ ಒಂದು ನಿಯಮವನ್ನೂ ಮಾಡಿತ್ತು. ಒಂದು ವಾರದಲ್ಲಿ ಮೂರು ಹಳದಿ ಬಂದರೆ ಆ ಮನುಷ್ಯನ ಹೆಸರನ್ನು ಎತ್ತರದ ಕೆಲಸದ ಪಟ್ಟಿಯಿಂದ ತೆಗೆಯುವುದು. ಕಾಯಮ್ಮಾಗಿ. ನಿಯಮ ಇಂದುಮತಿಯದಲ್ಲ, ಆದರೆ ಅದನ್ನು ಓದಿ ಅವಳು ಸುಮ್ಮನಿದ್ದಳು. ಹಾಗೆ ಐವರ ಹೆಸರು ಹೋಯಿತು, ಅವರ ಜಾಗಕ್ಕೆ ಹೊಸಬರು ಬಂದರು. ಹೋದ ಐವರಲ್ಲೊಬ್ಬ ಹುಬ್ಬಳ್ಳಿಗೆ ಹೋಗಿ, ಕೊಕ್ಕೆಯೂ ಇಲ್ಲದ, ಹಗ್ಗವೂ ಇಲ್ಲದ ಬಿದಿರಿನ ಅಟ್ಟಣಿಗೆ ಮೇಲೆ ನಿಂತು ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದಾನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗುಡ್ಡದ ಕೆಲಸಗಾರರಿಗೆಲ್ಲ ಗೊತ್ತಿತ್ತು.

*

ಯಮನೂರಪ್ಪ ಬಾರಕೇರನಿಗೆ ನಲವತ್ತೇಳು ವರ್ಷ. ಗುಡ್ಡದ ಮೇಲೆ ಮೊದಲ ಕಂಬ ಎದ್ದಾಗಿನಿಂದ ಅಲ್ಲೇ ಇದ್ದವನು. ಹಗ್ಗಕ್ಕೆ ಗಂಟು ಹಾಕುವುದನ್ನು ಅರ್ಧ ಗುಂಪಿಗೆ ಕಲಿಸಿದವನು ಅವನೇ. ಆಶ್ವೀಜದ ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದಾಗ ಮನೆಯ ಜಂತಿಗಳೆಲ್ಲ ಗಿರ್ರನೆ ತಿರುಗಿದವು. ಕಣ್ಣು ಮುಚ್ಚಿ ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ನಿಮಿಷದೊಳಗೆ ನಿಂತಿತು. ಪಿತ್ತ ಇರಬೇಕೆಂದು ನಿಂಬೆಹಣ್ಣಿನ ಪಾನಕ ಕುಡಿದು ಕೆಲಸಕ್ಕೆ ಹೋದ.

ಅದೇ ದಿನ ಮೇಲೆ, ಹಗ್ಗ ನೋಡಲು ತಲೆಯನ್ನು ಬಲಕ್ಕೆ ತಿರುಗಿಸಿ ಎತ್ತಿದಾಗ ಮತ್ತೆ ಬಂತು. ಪಟ್ಟಿಯ ಮೇಲೆ ಹಳದಿ ದೀಪ ಹೊತ್ತಿಕೊಂಡಿತು. ಎರಡು ದಿನ ಬಿಟ್ಟು ಮತ್ತೊಂದು ಹಳದಿ.

ಇನ್ನೊಂದು ಬಂದರೆ ಮುಗಿಯಿತು. ಅವನಿಗೆ ಬೇರೆ ಕೆಲಸ ಸಿಗುತ್ತಿರಲಿಲ್ಲವೆಂದಲ್ಲ. ಆದರೆ ಇಪ್ಪತ್ತೆರಡು ವರ್ಷ ಮೇಲಿನಿಂದ ಊರನ್ನು ನೋಡಿದ ಮನುಷ್ಯ ಅವನು. ಬೆಳಗಿನ ಹೊತ್ತು ಇಡೀ ಸೀಮೆ, ಕೆರೆ, ಕರಿ ಹೊಲ, ದೂರದ ರೈಲು, ಎಲ್ಲ ಅವನ ಕಾಲ ಕೆಳಗೆ ಹಾಸಿಕೊಂಡಿರುತ್ತಿತ್ತು. ಕೆಳಗೆ ನಿಂತು ಮಂದಿಗೆ ಸಾಮಾನು ಎತ್ತಿಕೊಡುತ್ತಾ ಕತ್ತೆತ್ತಿ ನೋಡುವುದನ್ನು ನೆನೆದರೆ ಅವನಿಗೆ ಊಟ ಇಳಿಯುತ್ತಿರಲಿಲ್ಲ.

ಅವನ ಜೊತೆಗಾರ ಖಾಜಾಹುಸೇನ, ಮೂವತ್ತರ ಆಸುಪಾಸಿನವ. ಇಬ್ಬರೂ ಒಂದೇ ಕಂಬ ಹತ್ತುವವರು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಯಮನೂರಪ್ಪ ನೇರವಾಗಿ ಕೇಳಿದ.

"ಖಾಜಾ, ನನ್ನ ಬಟನ್ ನಿನ್ನ ಇನ್ನೊಂದು ಕಿವಿಗೆ ಅಂಟಿಸ್ಕೋತೀಯೇನು?"

ಖಾಜಾ ತುತ್ತನ್ನು ಕೈಯಲ್ಲೇ ಹಿಡಿದು ಕುಳಿತ. "ಏನ್ ಮಾತ ಇದು ಅಣ್ಣಾ? ಬ್ಯಾಡ. ನಿನಗ ಏನರ ಆದ್ರ ನಾ ಅತ್ತಿಗಿಗೆ ಏನಂತ ಮಾರಿ ತೋರಿಸ್ಲಿ?"

"ಏನೂ ಆಗಂಗಿಲ್ಲೋ. ಪಿತ್ತ ಇದು. ಒಂದ ವಾರ, ಹತ್ತ ದಿನ. ತಾನ ಹೋಕ್ಕೈತಿ."

"ದವಾಖಾನಿಗೆ ತೋರಿಸು."

"ತೋರಿಸಿದ್ರ ಚೀಟಿ ಕೊಡ್ತಾರ. ಚೀಟಿ ಕಂಪನಿಗೆ ಹೋಕ್ಕೈತಿ. ಹುಬ್ಬಳ್ಳಿಗೆ ಹೋದಾಂವನ ಗತಿ ನೋಡಿಲ್ಲೇನು?" ಯಮನೂರಪ್ಪ ದನಿ ತಗ್ಗಿಸಿದ. "ನಿನ್ನ ಮೊದಲ್ನೇ ದಿನ ನಿನ್ನ ಕಾಲ ನಡಗಾಕತ್ತಿದ್ವು. ನಾ ಯಾರಿಗರ ಹೇಳಿದ್ನೇನು?"

ಮರುದಿನ ಖಾಜಾನ ಎರಡೂ ಕಿವಿಗಳ ಹಿಂದೆ ಒಂದೊಂದು ಬಟನ್ ಇತ್ತು. ಮೇಲೆ ಹೆಲ್ಮೆಟ್ಟಿನ ಪಟ್ಟಿ ಬರುವುದರಿಂದ ಯಾರಿಗೂ ಕಾಣಲಿಲ್ಲ. ಬೂಟಿನ ಪದರ ಬೇರೆಯದನ್ನೇ ಹೇಳುತ್ತಿತ್ತು. ಆದರೆ ಕಿವಿಯ ಮಾತಿಗೇ ಹೆಚ್ಚು ಬೆಲೆ ಕೊಡುವಂತೆ ಇಂದುಮತಿ ಯಂತ್ರವನ್ನು ಮಾಡಿದ್ದಳು. ದಿನದಿನವೂ ಹೊಸದಾಗಿ ಕಲಿಯುವಂತೆಯೂ ಮಾಡಿದ್ದಳು. ಖಾಜಾನ ಗಟ್ಟಿ ತೂಗಾಟವನ್ನು ಅದು ಯಮನೂರಪ್ಪನ ಮೈ ಸುಧಾರಿಸಿದ್ದೆಂದು ಒಪ್ಪಿಕೊಂಡಿತು. ದೀಪ ಹಸಿರಾಗಿಯೇ ಉಳಿಯಿತು.

*

ಮನೆಯಲ್ಲಿ ಯಾವುದೂ ಹಸಿರಾಗಿರಲಿಲ್ಲ. ದ್ಯಾಮವ್ವ ಗಂಡನನ್ನು ಗಮನಿಸುತ್ತಿದ್ದಳು. ಎರಡು ದಿಂಬು ಇಟ್ಟುಕೊಂಡು ಕೂತ ಹಾಗೇ ಮಲಗುತ್ತಾನೆ. ಬಲಕ್ಕೆ ಹೊರಳುವುದಿಲ್ಲ. ಅಟ್ಟದ ಮೇಲಿನ ಡಬ್ಬಿ ತೆಗೆಯಲು ಹೇಳಿದರೆ ಕುರ್ಚಿ ತಂದು ಹತ್ತುತ್ತಾನೆ, ಕತ್ತು ಮಾತ್ರ ಎತ್ತುವುದಿಲ್ಲ.

"ರೀ, ಏನಾಗೇತಿ ನಿಮಗ?"

"ಏನಿಲ್ಲ. ಕುತ್ತಿಗಿ ಹಿಡಕೊಂಡೈತಿ."

ತಲೆ ತಿರುಗತೊಡಗಿದ ಹನ್ನೊಂದನೆಯ ದಿನ ಬೆಳಿಗ್ಗೆ ಅವನು ಬಚ್ಚಲಿಗೆ ಗೋಡೆ ಹಿಡಿದುಕೊಂಡು ಹೋದ. ಅಲ್ಲಿ ವಾಂತಿ ಮಾಡಿಕೊಂಡ ಸದ್ದು ಅವಳಿಗೆ ಕೇಳಿಸಿತು. ಬಾಯಿ ಮುಕ್ಕಳಿಸಿ, ಅಂಗಿ ತೊಟ್ಟು, ಅವಳ ಮುಖ ನೋಡದೆ ಹೊರಟುಹೋದ.

ಹತ್ತೂವರೆಗೆ ದ್ಯಾಮವ್ವ ಫೋನ್ ತೆಗೆದು ನೋಡಿದಳು. ಹಸಿರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದಳು. ಹಸಿರು. ಎರಡು ವರ್ಷದಿಂದ ಆ ಬಣ್ಣ ನೋಡಿದಾಗಲೆಲ್ಲ ಎದೆ ಹಗುರಾಗುತ್ತಿತ್ತು. ಇವತ್ತು ಅದೇ ಬಣ್ಣ ಅವಳ ಕೈಕಾಲನ್ನು ತಣ್ಣಗೆ ಮಾಡಿತು. ಗೋಡೆ ಹಿಡಿದು ನಡೆದವನು ಅಷ್ಟು ಎತ್ತರದಲ್ಲಿ ಸರಿಯಾಗಿ ನಿಂತಿದ್ದಾನೆಂದರೆ ನಂಬುವುದು ಹೇಗೆ? ಫೋನಿನಲ್ಲೇ ಇದ್ದ ಕಂಟ್ರೋಲ್ ರೂಮಿನ ನಂಬರಿಗೆ ಬೆರಳು ಇಟ್ಟಳು. ಮಾಡಿದರೆ ಅವನ ಕೆಲಸ ಹೋಗುತ್ತದೆ. ಅವನು ಜನ್ಮದಲ್ಲಿ ತನ್ನ ಜೊತೆ ಮಾತಾಡಲಿಕ್ಕಿಲ್ಲ. ಬೆರಳು ಅಲ್ಲೇ ಒಂದು ಗಳಿಗೆ ನಿಂತು, ಒತ್ತಿತು.

*

ಇಂದುಮತಿ ವಾರಕ್ಕೆ ಎರಡು ದಿನ ಧಾರವಾಡದಿಂದ ಗುಡ್ಡಕ್ಕೆ ಬರುತ್ತಿದ್ದಳು. ಗುಡ್ಡದ ಬುಡದ ಕಂಟ್ರೋಲ್ ರೂಮಿನಲ್ಲಿ ದೊಡ್ಡ ಪರದೆ, ಅದರ ಮೇಲೆ ಅರವತ್ತು ಹೆಸರು, ಅರವತ್ತು ಗೆರೆ. ಆ ದಿನ ಫೋನ್ ಎತ್ತಿದ್ದು ಅವಳೇ.

"ನಾನ್ರೀ, ಯಮನೂರಪ್ಪನ ಮನಿಯಾಕಿ, ದ್ಯಾಮವ್ವ."

"ಹೇಳ್ರಿ ದ್ಯಾಮವ್ವ. ನಾನು ಇಂದುಮತಿ, ಆ ಯಂತ್ರ ಮಾಡಿದಾಕಿ."

"ಅಕ್ಕಾರ, ನಿಮ್ಮ ಯಂತ್ರ ಸುಳ್ಳ ಹೇಳಾಕತ್ತೈತ್ರಿ."

ಇಂದುಮತಿಗೆ ಮೊದಲು ಬಂದದ್ದು ಬೇಸರ. "ಹಸಿರ ಐತೆಲ್ಲರೀ, ಮತ್ತೇನ್ ಸುಳ್ಳು?"

"ಹಸಿರ ಐತಿ, ಅದಕ್ಕ ಸುಳ್ಳ ಅನ್ನಾಕತ್ತೇನ್ರಿ. ಮುಂಜಾನಿ ಗ್ವಾಡಿ ಹಿಡಕೊಂಡ ಬಚ್ಚಲಕ್ಕ ಹೋದ್ರು. ವಾಂತಿ ಮಾಡ್ಕೊಂಡ್ರು. ಹತ್ತ ದಿನದಿಂದ ಬಲಕ್ಕ ಹೊಳ್ಳಿ ಮಲಗಿಲ್ಲ. ಅಂಥಾವ್ರು ಮ್ಯಾಲ ಹ್ವಾದ ಕೂಡ್ಲೆ ಹೆಂಗರೀ ಹಸಿರ ಆಕ್ಕಾರ? ಅವ್ರ ಕೆಲಸ ಹೋದ್ರ ಹೋಗ್ಲಿ. ನೀವೊಂದ ಸಲ ನೋಡ್ರಿ."

ಬೇಸರ ಎಲ್ಲೋ ಹೋಯಿತು. ಫೋನನ್ನು ಕಿವಿಗೆ ಹಿಡಿದೇ ಇಂದುಮತಿ ಯಮನೂರಪ್ಪನ ಗೆರೆಯನ್ನು ದೊಡ್ಡದು ಮಾಡಿದಳು. ತಪ್ಪೇನೂ ಕಾಣಲಿಲ್ಲ. ಆರೇಳು ದಿನದಿಂದ ಅವನ ತೂಗಾಟ ಮೂವತ್ತು ವರ್ಷದವನ ಹಾಗೆ ಗಟ್ಟಿಯಾಗಿತ್ತು. ನಲವತ್ತೇಳರವನಿಗೆ ತುಸು ಹೆಚ್ಚೇ ಗಟ್ಟಿ. ಅದಕ್ಕೆ ಮುಂಚಿನ ದಿನಗಳಲ್ಲಿ ಎರಡು ಹಳದಿ, ಆಮೇಲೆ ಒಂದೂ ಇಲ್ಲ. ಪಕ್ಕದಲ್ಲಿ ಅವನ ಜೊತೆಗಾರ ಖಾಜಾಹುಸೇನನ ಗೆರೆ ಹರಿಯುತ್ತಿತ್ತು.

ಆಗ ಎರಡೂ ಗೆರೆಗಳು ಚಿಮ್ಮಿದವು. ಒಂದು ಚೂಪು, ಅದರ ಹಿಂದೆಯೇ ಇನ್ನೊಂದು ಸಣ್ಣ ಚೂಪು. ಸೀನು. ಪ್ರಯೋಗಾಲಯದಲ್ಲಿ ಸಾವಿರ ಸಲ ನೋಡಿದ್ದ ಆಕಾರ ಅದು. ಆದರೆ ಇಬ್ಬರು ಮನುಷ್ಯರು ಒಂದೇ ಕ್ಷಣಕ್ಕೆ, ಸೆಕೆಂಡಿನ ಸಾವಿರದ ಒಂದು ಭಾಗವೂ ವ್ಯತ್ಯಾಸವಿಲ್ಲದೆ ಸೀನುವುದಿಲ್ಲ.

ಎರಡೂ ಬಟನ್ನುಗಳು ಒಂದೇ ತಲೆಯ ಮೇಲಿವೆ.

ಕಂಬದ ತುದಿಯ ಕ್ಯಾಮೆರಾ ಹಾಕಿದಳು. ಪೆಟ್ಟಿಗೆಯ ಮಾಡಿನ ಮೇಲೆ ಇಬ್ಬರು. ಖಾಜಾ ಹಿಂದಿನ ಕಂಬಿಯ ಹತ್ತಿರ ಕುಳಿತು ಹಗ್ಗ ಬಿಡಿಸುತ್ತಿದ್ದ. ಯಮನೂರಪ್ಪ ಮುಂದೆ, ರೆಕ್ಕೆಯ ಕಡೆಯ ಅಂಚಿಗೆ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ. ಅವನ ಎರಡೂ ಕೊಕ್ಕೆಗಳು ಅವನ ಕೈಯಲ್ಲೇ ಇದ್ದವು.

ಒಂದು ಕೊಕ್ಕೆ ಬಿಚ್ಚುವ ಮೊದಲು ಇನ್ನೊಂದು ಕಂಬಿಗಿರಬೇಕು. ಇದು ಎತ್ತರದ ಕೆಲಸದ ಮೊದಲ ಪಾಠ. ಆದರೆ ಹಸಿರು ದೀಪ ಇದ್ದರೆ ಅತ್ತಿ ಎರಡನ್ನೂ ಬಿಡುತ್ತಾಳೆ ಎಂಬುದನ್ನು ಕೆಲಸಗಾರರು ಎಂದೋ ಕಂಡುಕೊಂಡಿದ್ದರು. ನಾಲ್ಕು ಹೆಜ್ಜೆಯ ದಾರಿಗೆ ಎರಡೆರಡು ಸಲ ಸಿಕ್ಕಿಸುವುದೇಕೆ ಎಂದು ಹಾಗೇ ನಡೆದುಬಿಡುತ್ತಿದ್ದರು. ಇದು ಇಂದುಮತಿಗೆ ಗೊತ್ತಾದದ್ದು ಆ ಕ್ಷಣದಲ್ಲೇ. ಯಮನೂರಪ್ಪನ ಕೊಕ್ಕೆಗಳನ್ನು ಬಿಟ್ಟುಕೊಟ್ಟದ್ದು ಖಾಜಾನ ಕಿವಿ.

ಪರದೆಯ ಮೇಲೆ ಯಮನೂರಪ್ಪ ಬಲಕ್ಕೆ ಕತ್ತು ಹೊರಳಿಸಿ ರೆಕ್ಕೆಯ ಬುಡವನ್ನು ನೋಡಿದ. ನೋಡಿದವನು ಹಾಗೇ ನಿಂತುಬಿಟ್ಟ. ಒಂದು ಕೈ ಗಾಳಿಯಲ್ಲಿ ಏನನ್ನೋ ಹುಡುಕತೊಡಗಿತು. ಕಾಲಮಟ್ಟದ ಕಂಬಿಯ ಹೊರತು ಹಿಡಿಯಲು ಅಲ್ಲಿ ಏನೂ ಇರಲಿಲ್ಲ.

ಇಂದುಮತಿಯ ಬೆರಳು ಅವನ ಹೆಲ್ಮೆಟ್ಟಿನ ರೇಡಿಯೋದ ಗುಂಡಿಯ ಮೇಲಿತ್ತು. ಒತ್ತಲಿಲ್ಲ. ಕಿವಿಯೊಳಗೆ ಒಮ್ಮೆಲೇ ದನಿ ಬಂದರೆ ಮನುಷ್ಯ ತಲೆ ತಿರುಗಿಸುತ್ತಾನೆ. ಖಾಜಾನ ಗುಂಡಿ ಒತ್ತಿದಳು.

"ಖಾಜಾ, ಇಂದುಮತಿ ಮಾತಾಡೋದು. ಹೂಂ ಅನಬ್ಯಾಡ, ಬರೇ ಕೇಳು. ಯಮನೂರಪ್ಪಗ ತಲಿ ತಿರಗಾಕತ್ತೈತಿ. ಒದರಬ್ಯಾಡ. ಓಡಬ್ಯಾಡ. ಮೆಲ್ಲಕ ಕೂಡು ಅಂತ ಹೇಳು. ತಲಿ ಅಲುಗಿಸಬ್ಯಾಡ ಅನ್ನು."

ಪರದೆಯಲ್ಲಿ ಖಾಜಾನ ಕೈಯಿಂದ ಹಗ್ಗ ಜಾರಿತು. ಅವನ ದನಿ ರೇಡಿಯೋದಲ್ಲಿ ಕೇಳಿತು. ದನ ಕಾಯುವವರು ಬೆದರಿದ ಕರುವಿಗೆ ಮಾತಾಡುವ ಹಾಗೆ, ಮೃದುವಾಗಿ. "ಅಣ್ಣಾ. ನಾನ ಇದ್ದೀನಿ. ಹೊಳ್ಳಿ ನೋಡಬ್ಯಾಡ. ತಲಿ ಹಂಗ ಇರ್ಲಿ. ಮಣಕಾಲ ಮಡಚು. ಕೂಡು. ಹಾಂ, ಹಂಗ. ಇನ್ನಷ್ಟು."

ಯಮನೂರಪ್ಪನ ಮೊಣಕಾಲು ಮಡಿಚಿತು. ಮೈ ಎಡಕ್ಕೆ ವಾಲಿತು. ಕಂಟ್ರೋಲ್ ರೂಮಿನಲ್ಲಿ ಯಾರೋ "ಅಯ್ಯೋ" ಎಂದರು. ವಾಲಿದವನ ಅಂಗೈ ಮಾಡಿನ ತಗಡಿಗೆ ತಾಗಿತು. ಕೂತ. ಕೂತವನು ಬೋರಲಾಗಿ ಮಲಗಿ ಎರಡೂ ಕೈ ಚಾಚಿ ತಗಡನ್ನು ಒತ್ತಿ ಹಿಡಿದ.

ಖಾಜಾ ತನ್ನ ಒಂದು ಕೊಕ್ಕೆ ಕಂಬಿಯಲ್ಲಿರುವಂತೆಯೇ ಹೊಟ್ಟೆಯ ಮೇಲೆ ತೆವಳುತ್ತಾ ಬಂದ. ಪರದೆಯಲ್ಲಿ ಅವನ ಎರಡೂ ಕಿವಿಗಳ ಗೆರೆಗಳು ಹಳದಿಯಾಗಿದ್ದವು. ಯಮನೂರಪ್ಪನ ಕೈಯಿಂದ ಕೊಕ್ಕೆ ಬಿಡಿಸಿಕೊಂಡು ಪಕ್ಕದ ಕಂಬಿಗೆ ಸಿಕ್ಕಿಸಿದ. ಕ್ಲಿಕ್ ಎಂಬ ಸದ್ದು ರೇಡಿಯೋದಲ್ಲಿ ಸ್ಪಷ್ಟವಾಗಿ ಬಂತು. ಆಮೇಲೆ ಎರಡನೆಯದು.

ಫೋನ್ ಇನ್ನೂ ಇಂದುಮತಿಯ ಕೈಯಲ್ಲೇ ಇತ್ತು.

"ದ್ಯಾಮವ್ವ, ಕೂತಾರ್ರಿ. ಕೊಕ್ಕಿ ಹಾಕ್ಯಾರ. ಏನೂ ಆಗಿಲ್ಲ."

ಆ ಕಡೆಯಿಂದ ಪಾತ್ರೆಯೊಂದು ನೆಲಕ್ಕೆ ಬಿದ್ದ ಸದ್ದು, ಆಮೇಲೆ ಅಳು.

*

ಕಂಬದ ಒಳಗಿನ ಲಿಫ್ಟಿನಲ್ಲಿ ಇಬ್ಬರೂ ಕೆಳಗೆ ಬಂದಾಗ ಇಂದುಮತಿ ಬಾಗಿಲಲ್ಲೇ ನಿಂತಿದ್ದಳು. ಯಮನೂರಪ್ಪ ಅವಳನ್ನು ನೋಡಿ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ತಪ್ಪ ನಂದ್ರೀ ಮೇಡಂ. ಖಾಜಾ ಬ್ಯಾಡಂದಿದ್ದ. ಅವನ ಹೆಸರ ತಗೀಬ್ಯಾಡ್ರಿ."

"ಹೆಸರಿನ ಮಾತ ಆಮ್ಯಾಲ. ಯಾವಾಗ ತಿರಗತೈತಿ ನಿಮಗ? ಕುಂತಾಗೂ, ನಿಂತಾಗೂ?"

"ಇಲ್ರೀ. ಸುಮ್ನ ಇದ್ರ ಏನೂ ಇಲ್ಲ. ಬಲಕ್ಕ ಹೊಳ್ಳಿದ್ರ, ಇಲ್ಲಾ ಮ್ಯಾಲ ನೋಡಿದ್ರ. ಒಂದ ನಿಮಿಷ. ಆಮ್ಯಾಲ ಆರಾಮ."

ಅವನ ಆ ಎರಡು ಹಳದಿಗಳ ದಾಖಲೆ ಇಂದುಮತಿಯ ಬಳಿ ಇತ್ತು. ಎರಡರಲ್ಲೂ ತಲೆ ಬಲಕ್ಕೆ ತಿರುಗಿ ಮೇಲೆದ್ದ ಕೂಡಲೇ ತೂಗಾಟ ಕೆಟ್ಟಿತ್ತು, ನಿಮಿಷದೊಳಗೆ ತಾನಾಗಿ ಸರಿಯಾಗಿತ್ತು. ಯಂತ್ರ ಇಷ್ಟೆಲ್ಲ ಬರೆದಿಟ್ಟಿತ್ತು. ಓದಿದವರಿಗೆ ಬೇಕಾಗಿದ್ದದ್ದು ಹಳದಿ ಎಂಬ ಒಂದು ಮಾತು ಮಾತ್ರ.

"ನಡೀರಿ," ಎಂದಳು. "ಗದಗಿಗೆ ಹೋಗೂಣು. ದ್ಯಾಮವ್ವನ್ನೂ ಕರ್ಕೊಳ್ಳೂಣು."

ಕಾರು ಊರು ದಾಟಿದ ಮೇಲೆ ಯಮನೂರಪ್ಪ ಕಿಟಕಿಯ ಕಡೆ ನೋಡುತ್ತಲೇ ಹೆಂಡತಿಯನ್ನು ಕೇಳಿದ. "ನೀ ಫೋನ್ ಮಾಡಿದೇನು?"

"ಹೂಂ."

ಅವನು ಅವಳ ಕೈ ಹಿಡಿದುಕೊಂಡ. ಅವನ ಅಂಗೈಯಲ್ಲಿ ತಗಡಿನ ಮೊಳೆಗಳು ಒತ್ತಿದ ಗುರುತು ಇನ್ನೂ ಇತ್ತು.

ಕಿವಿ, ಮೂಗು, ಗಂಟಲಿನ ಡಾಕ್ಟರು ಶಮೀಮ್ ಬಾನು, ಐವತ್ತು ದಾಟಿದವರು. ಎಲ್ಲವನ್ನೂ ಕೇಳಿ ಯಮನೂರಪ್ಪನನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ, ಒಮ್ಮೆಲೇ ಹಿಂದಕ್ಕೆ ಮಲಗಿಸಿದರು. ಅವನು ಕೂಗಿಕೊಂಡ. ಡಾಕ್ಟರು ಅವನ ಕಣ್ಣಗುಡ್ಡೆ ಕುಣಿಯುವುದನ್ನು ನೋಡಿ, ಸಮಾಧಾನವಾದವರ ಹಾಗೆ ತಲೆಯಾಡಿಸಿದರು.

"ನಿಮ್ಮ ಮಿದುಳಿಗೇನೂ ಆಗಿಲ್ಲ. ಹಾರ್ಟಿಗೂ ಆಗಿಲ್ಲ. ಕಿವಿ ಒಳಗ ಸಣ್ಣ ಸಣ್ಣ ಹರಳ ಇರ್ತಾವ, ಉಸುಕಿನ ಕಾಳಿನಕಿಂತ ಸಣ್ಣು. ಅದರಾಗ ಕೆಲವು ತಮ್ಮ ಜಾಗಾ ಬಿಟ್ಟು ಪಕ್ಕದ ಕೊಳವಿಗೆ ಜಾರ್ಯಾವ. ನೀವು ತಲಿ ಹೊಳ್ಳಿಸಿದಾಗ ಅವು ಅಲ್ಲಿ ಉಳ್ಳತಾವ. ಮೈಗೆ ತಾನ ತಿರಗಾಕತ್ತೇನಿ ಅನಸ್ತೈತಿ."

"ಆಪರೇಷನ್ ಬೇಕೇನ್ರಿ?" ದ್ಯಾಮವ್ವ ಕೇಳಿದಳು.

"ಏನ್ ಆಪರೇಷನ್ನೂ ಬ್ಯಾಡ, ಗುಳಿಗಿನೂ ಬ್ಯಾಡ. ಹ್ಯಾಂಗ ಹೊರಗ ಬಂದಾವ ಹಂಗ ವಾಪಸ್ ಉಳ್ಳಿಸಿ ಒಳಗ ಕಳಿಸೋದು. ಸುಮ್ನ ಮಲಕೋರಿ."

ಮಲಗಿದ್ದವನ ತಲೆಯನ್ನು ಮಂಚದ ಅಂಚಿನಿಂದ ತುಸು ಕೆಳಗಿಳಿಸಿ ಹಿಡಿದು ಕಾದರು. ಮೆಲ್ಲಗೆ ಎಡಕ್ಕೆ ತಿರುಗಿಸಿ ಮತ್ತೆ ಕಾದರು. ಇಡೀ ಮೈಯನ್ನು ಎಡಮಗ್ಗುಲಿಗೆ ಹೊರಳಿಸಿ, ಮೂಗು ನೆಲದ ಕಡೆಗಾಗುವಂತೆ ಮಾಡಿ ಇನ್ನೊಮ್ಮೆ ಕಾದರು. ಕೊನೆಗೆ ಎಬ್ಬಿಸಿ ಕೂರಿಸಿದರು. ಎಲ್ಲ ಸೇರಿ ಐದು ನಿಮಿಷ. ಅರ್ಧ ತಾಸು ಹೊರಗೆ ಕೂರಿಸಿ, ಮತ್ತೆ ಕರೆದು, ಮೊದಲಿನಂತೆಯೇ ಬಲಕ್ಕೆ ತಿರುಗಿಸಿ ಹಿಂದಕ್ಕೆ ಮಲಗಿಸಿದರು.

ಯಮನೂರಪ್ಪ ಎರಡೂ ಕೈಯಿಂದ ಮಂಚ ಹಿಡಿದು, ಹಲ್ಲು ಕಚ್ಚಿ ಕಾದ. ಛತ್ತಿನಲ್ಲಿ ಒಂದು ಫ್ಯಾನು, ಒಂದು ಟ್ಯೂಬ್‌ಲೈಟು. ಎರಡೂ ಇದ್ದಲ್ಲೇ ಇದ್ದವು.

"ಡಾಕ್ಟರ, ತಿರಗವಲ್ದು."

"ತಿರಗಬಾರದು ಅಂತನ ಮಾಡಿದ್ದು."

"ಇನ್ನೊಂದ ಸಲ ಮಲಗಿಸ್ರಿ."

ಮಲಗಿಸಿದರು. ಛತ್ತು ಅಲುಗಲಿಲ್ಲ. ಯಮನೂರಪ್ಪ ಮಲಗಿದಲ್ಲೇ ನಗತೊಡಗಿದ. ನಗುತ್ತಾ ನಗುತ್ತಾ ಕಣ್ಣೀರು ಕಿವಿಯೊಳಕ್ಕೆ ಹರಿದುಹೋಯಿತು. ಒರೆಸಿಕೊಳ್ಳಲೂ ಇಲ್ಲ. ಹನ್ನೊಂದು ದಿನ ಅವನು ತನ್ನ ಬದುಕಿನ ಅರ್ಧ ಮುಗಿಯಿತೆಂದು ತಿಳಿದು ಹೆಣದಂತೆ ಓಡಾಡಿದ್ದ. ಐದು ನಿಮಿಷದ ಕೆಲಸ!

"ಇದು ಮತ್ತ ಬರಬಹುದು," ಡಾಕ್ಟರು ಎಚ್ಚರಿಸಿದರು. "ಬಂದ್ರ ಮತ್ತ ಬರ್ರಿ. ಆರು ವಾರ ಮ್ಯಾಲ ಹತ್ತಬ್ಯಾಡ್ರಿ. ಆಮ್ಯಾಲ ನಾ ನೋಡಿ ಹೇಳ್ತೀನಿ."

*

ಮರುದಿನ ಇಂದುಮತಿ ಸೈಟ್ ಮ್ಯಾನೇಜರ್ ಶಿರಗುಪ್ಪಿಯವರ ಎದುರು ಕುಳಿತಿದ್ದಳು. ಶಿರಗುಪ್ಪಿ ಕೆಟ್ಟವರಲ್ಲ. ಮೂರು ಸಾವಿನ ಸುದ್ದಿಯನ್ನು ಮೂರು ಮನೆಗಳಿಗೆ ಹೋಗಿ ಹೇಳಿ ಬಂದವರು. ಅದಕ್ಕೇ ಅವರು ಆ ನಿಯಮವನ್ನು ಬಿಗಿಯಾಗಿ ಹಿಡಿದಿದ್ದರು.

"ಮೋಸ ಮಾಡ್ಯಾರ ಮೇಡಂ. ಇಬ್ಬರ್ನೂ ತಗೀಬೇಕು."

"ಮೋಸ ಯಾಕ ಮಾಡಿದ್ರು, ಅದನ್ನೂ ನೋಡ್ರಿ. ಹಳದಿ ಅಂದ್ರ ಶಿಕ್ಷಾ ಅಂತ ಮಾಡಿದ್ವಿ ನಾವು. ಶಿಕ್ಷಾ ಅಂದ ಮ್ಯಾಲ ಯಾರಾದ್ರೂ ಮುಚ್ಚಿಡತಾರ. ನಾನು ಎಂಟು ವರ್ಷ ಒಂದು ಯಂತ್ರ ಮಾಡಿದೆ. ಒಂದು ಬಟನ್ ಆ ಕಿವಿಯಿಂದ ಈ ಕಿವಿಗೆ ಹೋತು, ಯಂತ್ರ ಕುರುಡಾತು. ಉಳಿಸಿದಾಕಿ ದ್ಯಾಮವ್ವ."

ಶಿರಗುಪ್ಪಿ ಕನ್ನಡಕ ತೆಗೆದು ಒರೆಸಿದರು. "ಮತ್ತ ಏನ್ ಮಾಡೂಣಂತೀರಿ?"

"ಹಳದಿ ಬಂದ್ರ ಮೊದಲು ಅವರಿಗೇ ಹೇಳಬೇಕು. ಅವತ್ತ ಕೆಳಗಿನ ಕೆಲಸ, ಅದೇ ಪಗಾರ. ಡಾಕ್ಟರ ಹತ್ರ ಕಳಿಸೋದು. ಸರಿಯಾದ್ರ ಮತ್ತ ಮ್ಯಾಲ. ಹೋದ ಐದು ಮಂದೀನೂ ಕರಸ್ರಿ, ಹುಬ್ಬಳ್ಳಿಯವನ್ನೂ." ಆ ಸಂಗತಿ ಖಾಜಾನಿಂದ ತಿಳಿದಾಗಿನಿಂದ ಅವಳಿಗೆ ನಿದ್ದೆ ಬಂದಿರಲಿಲ್ಲ.

ಶಿರಗುಪ್ಪಿ ಒಪ್ಪಲು ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಇಂದುಮತಿ ಕೊಕ್ಕೆಗಳನ್ನು ಬದಲಿಸಿದಳು. ಎರಡರ ನಡುವೆ ಒಂದು ಉಕ್ಕಿನ ನಾಲಿಗೆ. ಒಂದು ಕೊಕ್ಕೆ ಕಂಬಿಯನ್ನು ಕಚ್ಚಿರದಿದ್ದರೆ ಇನ್ನೊಂದು ತೆರೆಯುವುದೇ ಇಲ್ಲ. ಅದರಲ್ಲಿ ಸೆನ್ಸರಿಲ್ಲ, ಕಲಿಯುವ ಬುದ್ಧಿಯಿಲ್ಲ. ಗದಗಿನ ವರ್ಕ್‌ಶಾಪಿನವನು ನಾಲ್ಕು ದಿನದಲ್ಲಿ ಮಾಡಿಕೊಟ್ಟ. ಇದನ್ನು ಮೊದಲೇ ಮಾಡಬೇಕಿತ್ತು ಎಂದು ಅವಳಿಗೆ ನಾಚಿಕೆಯಾಯಿತು.

ಹೊಸ ನಿಯಮ ಓದಿ ಹೇಳಿದ ದಿನ ಯಮನೂರಪ್ಪ ಅರವತ್ತು ಮಂದಿಯ ಮುಂದೆ ನಿಂತು ತಾನು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಕೆಲವರು ತಲೆ ತಗ್ಗಿಸಿದರು. ಆ ಸಂಜೆಯೊಳಗೆ ಏಳು ಮಂದಿ ಒಬ್ಬೊಬ್ಬರಾಗಿ ಇಂದುಮತಿಯ ಬಳಿ ಬಂದರು. ಒಬ್ಬನಿಗೆ ಕಣ್ಣಿನ ಪೊರೆ, ಒಬ್ಬನಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬ ಬೂಟಿನ ಪದರ ಕತ್ತರಿಸಿ ಮಡಚಿಟ್ಟುಕೊಂಡಿದ್ದ.

ಆರು ವಾರದ ಮೇಲೆ ಡಾಕ್ಟರು ಸೈ ಅಂದರು. ಯಮನೂರಪ್ಪ ಮತ್ತೆ ಮೇಲೆ ಹೋದ. ಪೆಟ್ಟಿಗೆಯ ಮಾಡಿನ ಮೇಲೆ ನಿಂತು, ಕೊಕ್ಕೆ ಎಳೆದು ನೋಡಿ, ಬಲಕ್ಕೆ ಕತ್ತು ತಿರುಗಿಸಿ ಬಹಳ ಹೊತ್ತು ರೆಕ್ಕೆಯನ್ನೂ ಆಕಾಶವನ್ನೂ ನೋಡಿದ. ಖಾಜಾ ತಾಳಲಾರದೆ, "ಸಾಕ ಮಾಡ ಅಣ್ಣಾ, ನನ್ನ ಎದಿ ಹೊಡಕೊಳ್ಳಾಕತ್ತೈತಿ" ಎಂದ.

ಕಂಪನಿ ಅವನಿಗೆ ಇನ್ನೊಂದು ಕೆಲಸವನ್ನೂ ಕೊಟ್ಟಿತು. ಬೆಳಿಗ್ಗೆ ಹತ್ತುವ ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೂ ಕೇಳುವುದು. ಮೊದಲ ತಿಂಗಳು ಅವನು "ಹ್ಯಾಂಗದೀರಿ?" ಎಂದರೆ ಎಲ್ಲರದ್ದೂ ಒಂದೇ ಉತ್ತರ, "ಆರಾಮ." ಹಳೆಯ ಹೆದರಿಕೆ ಅಷ್ಟು ಬೇಗ ಹೋಗುವುದಲ್ಲ.

ಪುಷ್ಯದ ಒಂದು ಸೋಮವಾರ ಇಂದುಮತಿಯೂ ಅಲ್ಲಿದ್ದಳು. ಚಳಿಗೆ ಕೈ ಉಜ್ಜಿಕೊಳ್ಳುತ್ತಾ ಸಾಲಿನ ತುದಿಯಲ್ಲಿ ನಿಂತಿದ್ದಳು. ಬಟನ್ನುಗಳು ಇನ್ನೂ ಚೀಲದಲ್ಲೇ ಇದ್ದವು, ಯಾರೂ ಹಚ್ಚಿಕೊಂಡಿರಲಿಲ್ಲ. ಸಾಲಿನಲ್ಲಿ ಒಂಬತ್ತನೆಯವನು ಬಸಲಿಂಗ, ಆರಡಿ ಎತ್ತರದ ಪೈಲ್ವಾನ, ಯಾರ ಮುಂದೆಯೂ ಸೋತು ಗೊತ್ತಿಲ್ಲದವನು.

"ಹ್ಯಾಂಗದೀಯೋ ಬಸಲಿಂಗ?" ಯಮನೂರಪ್ಪ ಕೇಳಿದ.

ಬಸಲಿಂಗ ಅಕ್ಕಪಕ್ಕ ನೋಡಿದ. "ಎರಡ ದಿನ ಆತಣ್ಣಾ, ಜ್ವರ ಬಂದು ಹೋಗೇತಿ. ಕಾಲಾಗ ಬಲ ಇಲ್ಲ. ಇವತ್ತ ನಾ ಮ್ಯಾಲ ಹೋಗಂಗಿಲ್ಲ."

ಯಾರೂ ನಗಲಿಲ್ಲ. ಯಮನೂರಪ್ಪ ಅವನ ಭುಜದ ಮೇಲೆ ಕೈಯಿಟ್ಟು, "ಚಹಾ ಕುಡಿ ಹೋಗು. ಕೆಳಗ ಲೇಪ ಕಲಸೋ ಕೆಲಸ ಐತಿ" ಎಂದ. ಆಮೇಲೆ ಹತ್ತನೆಯವನ ಕಡೆ ತಿರುಗಿದ.

"ನೀ ಹ್ಯಾಂಗದೀಯೋ?"